ಉಪಯೋಗ: ವ್ಯಾಪಾರ

ಹಲ್ ಬಂದರಿನ ಮ್ಯೂಸಿಯಂ. ಗಾಜಿನೊಳಗೆ ಮೊಳದುದ್ದದ ಸರಳು.
ಚೀಟಿ: ‘ಸ್ವೀಡನ್ನಿನ ಕಬ್ಬಿಣ. ಉತ್ತಮ ದರ್ಜೆ.
ಉಪಯೋಗ: ವ್ಯಾಪಾರ.’

ಸೋಮವಾರ ರಜೆ. ಡೆಲ್ಸಿಟಾ ಗಾಜು ಒರೆಸುತ್ತಾಳೆ.
ಅವಳ ಅಜ್ಜಿಯ ಅಜ್ಜಿ ಇದ್ದ ದ್ವೀಪದಲ್ಲಿ
ಹಿಮವನ್ನೇ ಕಾಣದ ಊರಿಗೆ
ಹಿಮದ ನಾಡಿನ ದೊರೆಯ ಹೆಸರು.
ಅಜ್ಜಿಯದನ್ನು ಯಾರೂ ಬರೆದಿಡಲಿಲ್ಲ.

‘ಇಂಥ ಎಷ್ಟು ಸರಳಿಗೆ ಒಬ್ಬಳು?’
ಕೇಳಿದಳು, ಬಟ್ಟೆ ಹಿಂಡುತ್ತ.
ಚೀಟಿ ಬರೆದವನು ನಾನೇ;
ಕಡತ ತಿರುವಿದೆ. ತೂಕವಿತ್ತು, ಮುದ್ರೆಯಿತ್ತು,
ಕುಲುಮೆಯ ಒಡೆಯನ ಹೆಸರೂ ಇತ್ತು.

ಕಬ್ಬಿಣದ ಕಡಲೆಯೇನಲ್ಲ ಆ ಲೆಕ್ಕ.
ಹಲ್ಲಿತ್ತು ನಮಗೆ, ಅಗಿಯಲಿಲ್ಲ.

‘ವ್ಯಾಪಾರ’ ಹೊಡೆದುಹಾಕಿದೆ. ಬರೆಯತೊಡಗಿದೆ.
ನಲವತ್ತು ಪದ ಮೀರಕೂಡದು ಎಂದರು ಮೇಲಿನವರು.

ಅವಳು ಬಕೆಟ್ ಎತ್ತಿಕೊಂಡು
ಮುಂದಿನ ಗಾಜಿಗೆ ಹೋದಳು.