ಇನ್ನೂರ ಇಪ್ಪತ್ತು ಮಿಲಿಸೆಕೆಂಡು

"ಮುನಿಸ್ಕಂತೈತೆ ಕಣವ್ವ ಇದು," ಅಂದರು
ಕೊಬ್ಬರಿ ಮಂಡಿಯ ಗುಮಾಸ್ತ ಮರುಳಸಿದ್ದಪ್ಪ,
"ಹತ್ರ ಹೋಗೋ ಅಷ್ಟರಲ್ಲಿ ಬಾಗಿಲು ಹಾಕ್ಕಂಬುಡ್ತೈತೆ."

ಪಕ್ಕದಲ್ಲಿ ನಿಂತು ನೋಡಿದೆ.
ಮೆನು ತೆರೆದರು. ನಡುವೆ 'ಪಟ್ಟಿಗಳು',
ಅದರಿಂದ ಬಲಕ್ಕೆ ಚಾಚಿದ ಇನ್ನೊಂದು ಮೆನು,
ಅದರ ತಳದಲ್ಲಿ 'ಮುದ್ರಿಸು'.
ಬಾಣ ಹೊರಟಿತು,
ನೆಟ್ಟಗೆ ಬಲಕ್ಕೆ ಹೋಗಿ ಆಮೇಲೆ ಕೆಳಗಿಳಿಯಲಿಲ್ಲ;
ಹಸಿದವರು ಅಡುಗೆಮನೆಗೆ ಹೋಗುವ ಹಾಗೆ
ಓರೆಗೆ, ಗುರಿ ಹಿಡಿದು.
ದಾರಿಯಲ್ಲಿ ಕೆಳಸಾಲಿನ ಅಂಚು
ಒಂದು ಚುಕ್ಕಿಯಷ್ಟು ತಾಗಿತು, ಅಷ್ಟೇ.
ಮೆನು ಮಾಯ.

ಒಂಬತ್ತು ಸಲ. ಎಣಿಸಿದೆ.
ಹೊರಗೆ ಹರಾಜು ಕೂಗುತ್ತಿತ್ತು, ಲಾರಿಯವನು ಹಾರನ್ ಬಿಡುತ್ತಿದ್ದ.
ಹತ್ತನೆಯದಕ್ಕೆ ಕೈಯನ್ನೇ ಎತ್ತಿ ನೋಡಿಕೊಂಡರು
ಅಂಗೈಗೆ ಏನೋ ಮೆತ್ತಿದೆ ಅನ್ನುವ ಹಾಗೆ.
"ಹೋದ ವರ್ಷದಿಂದ ನಡುಗ್ತೈತೆ. ತಪ್ಪು ನಂದೇ ಬಿಡವ್ವ."

ಆ ಮಾತು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂತು,
ಸೈಕಲ್ ಅಂಗಡಿ ಮೇಲಿನ ಕೋಣೆಗೆ.
ಯಾಕೆಂದರೆ ಆ ಮೆನು ನನ್ನದು.
ಮುಖ ನೋಡದ ಹತ್ತಾರು ಜನ ಸೇರಿ ಕಟ್ಟುವ ಡೆಸ್ಕ್‌ಟಾಪಿನಲ್ಲಿ
ಈ ಮೂಲೆ ನನ್ನ ಪಾಲಿನದು.
ಎರಡು ವರ್ಷದ ಹಿಂದೆ ನಾನೇ ಬರೆದಿದ್ದೆ:
ಬಾಣ ಸಾಲು ಬಿಟ್ಟರೆ ಮುಚ್ಚು.
ಪಕ್ಕದಲ್ಲಿ ಹೆಮ್ಮೆಯ ಟಿಪ್ಪಣಿ: ಈಗ ಚುರುಕಾಗಿದೆ.

ರಾತ್ರಿ ಲಾಗ್ ಹಾಕಿ ಕೂತೆ.
ಬಾಣದ ಒಂದೊಂದು ಹೆಜ್ಜೆಗೂ ಎರಡೆರಡು ಅಂಕಿ,
ತೆರೆಯ ತುಂಬ ಒದ್ದೆ ಕಾಲಿನ ಗುರುತು.
ಕಿಟಕಿಯಾಚೆ ಅರಸೀಕೆರೆ ಜಂಕ್ಷನ್ನು,
ಸಿಗ್ನಲ್ಲಿಗೆ ಕಾದು ನಿಂತ ಹುಬ್ಬಳ್ಳಿ ಗಾಡಿ.
ಗೂಡ್ಸ್ ಶೆಡ್ಡಿನ ಮುಂದೆ ಸಿಮೆಂಟಿನ ಕಾಲುದಾರಿ ಹಾಕಿದ್ದಾರೆ,
ಮೊಳಕೋಲು ಹಿಡಿದು ತಿರುಗಿಸಿದಂಥ ತಿರುವು,
ತಿರುವಿಗೊಂದು ದೀಪ.
ಟೀ ಕೆಟಲ್ಲಿನ ಹುಡುಗ, ಸೊಪ್ಪಿನ ಬುಟ್ಟಿಯವಳು,
ಪಾಳಿ ಮುಗಿದ ಪಾಯಿಂಟ್ಸ್‌ಮನ್
ಎಲ್ಲರೂ ಮೈದಾನವನ್ನು ಓರೆಗೇ ದಾಟುತ್ತಾರೆ.
ಅಲ್ಲಿ ಹುಲ್ಲು ಸತ್ತು ಬೆಳ್ಳನೆಯ ಗೆರೆ ಬಿದ್ದಿದೆ,
ಯಾವ ನಕ್ಷೆಯಲ್ಲೂ ಇಲ್ಲದ್ದು.

ಬಾಣದ ತುದಿಯಿಂದ ಆಚೆ ಮೆನುವಿನ ಎರಡು ಮೂಲೆಗೆ
ಕಣ್ಣಿಗೆ ಕಾಣದ ತ್ರಿಕೋನ ಎಳೆದೆ.
ಅದರೊಳಗೆ ಇರುವಷ್ಟು ಹೊತ್ತು
ಬರುತ್ತಿದ್ದಾರೆ ಅಂತ ತಿಳಿ. ತಡೆದರೆ, ತಡವರಿಸಿದರೆ, ಕಾಯಿ.
(ಈ ಊರಲ್ಲಿ ಕಾಯಿ ಅಂದರೆ ತೂಕದ ಮಾತು.)

ಎಷ್ಟು ಹೊತ್ತು? ಮುನ್ನೂರು ಅಂತ ಇಟ್ಟೆ.
ಮಂಡಿಯ ಹುಡುಗ ಇಮ್ತಿಯಾಜ್, ಮಿಂಚಿನ ಬೆರಳಿನವನು,
"ಅಕ್ಕಾ, ಯಾಕೋ ಜಡ ಆಗೈತೆ" ಅಂದ.
ನೂರೈವತ್ತಕ್ಕೆ ಇಳಿಸಿದೆ; ಸಿದ್ದಪ್ಪನವರ ಮುಖಕ್ಕೆ ಮತ್ತೆ ಬಾಗಿಲು.
ತೆರೆಯ ಬಲತುದಿಯಲ್ಲಿ ಮೆನು ಎಡಕ್ಕೆ ತೆರೆದುಕೊಂಡಾಗ
ನನ್ನ ಪೆದ್ದು ತ್ರಿಕೋನ ಬಲಕ್ಕೇ ನೋಡುತ್ತ ಕೂತಿತ್ತು.
ಅದಕ್ಕೊಂದು ಶುಕ್ರವಾರ ಪೂರ್ತಿ ಹೋಯಿತು,
ಒಲೆ ಮೇಲಿಟ್ಟ ಹಾಲೂ.

ಮುಂದಿನ ಹರಾಜಿನ ದಿನ
ಪಟ್ಟಿ ಮೊದಲ ಸಲಕ್ಕೇ ಮುದ್ರಣವಾಗಿ ಬಂತು.
ಅವರು ಮೆನುವನ್ನು ನೋಡಲೇ ಇಲ್ಲ.
ಕೈ ಚಾಚಿ ನನಗೆ ತೋರಿಸಿದರು:
"ಡಾಕ್ಟ್ರು ಮಾತ್ರೆ ಬದಲಾಯಿಸಿದ್ರು ಕಣವ್ವ.
ನೋಡು, ಹೆಂಗೆ ನಿಂತೈತೆ."
ಬೆರಳು ಐದೂ ನಡುಗುತ್ತಿದ್ದವು.
"ಒಳ್ಳೆ ಮಾತ್ರೆ," ಅಂದೆ.

ಕೊಬ್ಬರಿ ಚೂರು ಕೊಟ್ಟರು.
ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ನಾಲಿಗೆಯಿಂದ ತಡಕುತ್ತ
ಮನೆಗೆ ಬಂದು ಮುಂದಿನದನ್ನು ತೆರೆದೆ:
ಧ್ವನಿಯ ಗುಂಡಿ ಒಂದು ಒತ್ತಿದರೆ
ಎರಡು ಏರುತ್ತದಂತೆ.