ಕ್ರಾಸಿಂಗಿಗೆ ನಿಂತ ಗಾಡಿ

ವಿಷಯ ಸಂಖ್ಯೆ ಒಂಬತ್ತು:
ತಾರಿಬಾಗ ಹಾಲ್ಟಿನ ದೀಪ, ಕಸಬರಿಗೆ, ಟಿಕೆಟ್ ಕೊಡುವವನ ಕೂಲಿ,
ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ,
ಪಂಚಾಯ್ತಿ ಇನ್ನೂ ಕೊಡಬೇಕೋ ಬೇಡವೋ.
ಕೊಡದಿದ್ದರೆ ಲೋಕಲ್ ಇಲ್ಲಿ ನಿಲ್ಲದು
ಎಂದು ರೈಲಿನವರ ಕಾಗದ. ಮೂರು ಸಾಲು, ಒಂದು ಮೊಹರು.

ಸೆಕ್ರೆಟರಿಗೆ ಜ್ವರ. ನಡಾವಳಿ ಬರೆಯಲು ಕೂತವನು ನಾನು,
ಬಿಲ್ ಕಲೆಕ್ಟರ್. ಯಾರ ಮನೆಯ ನಳ ಎಷ್ಟು ಹೊತ್ತು ಕೆಮ್ಮುತ್ತದೆ,
ನನ್ನ ಸೈಕಲ್ ಕಂಡು ಯಾರು ಹಿತ್ತಿಲಿಗೆ ಸರಿಯುತ್ತಾರೆ,
ಎಲ್ಲ ಗೊತ್ತು. ಎತ್ತಲು ಮಾತ್ರ ನನಗೆ ಕೈಯಿಲ್ಲ.

"ದಿನಕ್ಕೆ ಹತ್ತುವವರು ಮೂವತ್ತೊಂದು ಮಂದಿ."
ಶಾಬು ಗುನಗಿ ಎಣಿಸಿಯೇ ಬಂದಿದ್ದಾರೆ,
ಎರಡು ಬೆಳಗು ಕಲ್ಲುಬೆಂಚಿನ ಮೇಲೆ ಕೂತು
ಬೀಡಿಕಟ್ಟಿನ ಕಾಗದಕ್ಕೆ ಗೀಟೆಳೆದು.
"ಮೂವತ್ತೊಂದು ಮಂದಿಗೆ ರೈಲೋ, ಮುನ್ನೂರು ಮನೆಗೆ ಪೈಪೋ?"
ಪ್ರಶ್ನೆ ಸರಿಯಾಗಿಯೇ ಇದೆ. ಬರೆದುಕೊಂಡೆ.

ಬುದವಂತ ಗೌಡರು ಎದ್ದರು:
"ಹಳಿ ಹಾಕೂಕೆ ಗದ್ದೆ ಕೊಟ್ಟವ್ನೂ ನಾನೇಯಾ,
ಗಾಡಿ ನಿಲ್ಸೂಕೆ ದುಡ್ಡು ಕೊಡೂದೂ ನಾನೇಯಾ?"
ಸಭೆ ನಕ್ಕಿತು. ಅವರು ನಗಲಿಲ್ಲ.

"ಆ ಗಾಡೀಲಿ ಬರೂದು ಬರೀ ಗೋವೆಯ ಬಾಟ್ಲಿ,"
ಹಿಂದಿನ ಬೆಂಚಿನಿಂದ ಯಾರೋ.
"ನಿನ್ನೆ ನೀ ಕುಡಿದದ್ದು ಬಸ್ಸಿನಲ್ಲಿ ಬಂತಾ?"
ಪಿಯೆದಾದ್ ಬಾಯಿ ತಿರುಗಿ ಕೂಡ ನೋಡದೆ ಕೇಳಿದಳು.
ಇದನ್ನು ಬರೆಯಲಿಲ್ಲ.

ಕಡಲಿಂದ ಎದ್ದು ಬಂದವರ ಕಾಲನಿ ಇದು.
ನೌಕಾನೆಲೆಗೆ ಊರು ಬಿಟ್ಟಾಗ ಗುಡ್ಡದ ಬುಡಕ್ಕೆ
ಹಗ್ಗ ಹಿಡಿದು ಸೈಟು ಅಳೆದು ಕೊಟ್ಟರು.
ಮೊದಲ ವರ್ಷ ಮುದುಕರಿಗೆ ನಿದ್ದೆಯಿಲ್ಲ, ಅಲೆ ಕೇಳುವುದಿಲ್ಲವೆಂದು;
ಆಮೇಲೆ ರಾತ್ರಿಯ ಗೂಡ್ಸು ಹೋದ ಮೇಲೆಯೇ ನಿದ್ದೆ.
ಬಲೆ ಎಳೆದ ಮನೆಗಳ ಬೆರಳುಗಳೀಗ ವೆರ್ಣಾದ ಕಾರ್ಖಾನೆಯಲ್ಲಿ
ಮಾತ್ರೆಗಳನ್ನು ಹತ್ತು ಹತ್ತಾಗಿ ಹಾಳೆಗೆ ಕೂರಿಸುತ್ತವೆ,
ಮಡಗಾಂವದ ಆಸ್ಪತ್ರೆಯಲ್ಲಿ ಯಾರದೋ ಹಾಸಿಗೆ ಬದಲಿಸುತ್ತವೆ.

ಗಂಟೆ ಐದೂವರೆ. "ಕೈ ಎತ್ತಿ" ಎಂದರು ಅಧ್ಯಕ್ಷೆ.
ಆಗ ಹೊಳೆಯಿತು, ಮೊದಲೇ ಹೊಳೆಯಬೇಕಿತ್ತು,
ಆ ಮೂವತ್ತೊಂದು ಮಂದಿ ಈಗ ಗಾಡಿಯಲ್ಲಿದ್ದಾರೆ.

"ಹಿಂದಿನ ನಡಾವಳಿ ಓದಿ ಆಗಲಿಲ್ಲ ಮೇಡಂ."
ಓದಿದೆ. ಬೀದಿನಾಯಿ ಓದಿದೆ, ಮುರಿದ ಮೋರಿ ಓದಿದೆ,
ಬಲ್ಬಿನ ವ್ಯಾಟು, ರಸೀದಿಯ ನಂಬರು,
ಸಹಿ ಹಾಕಿದವರನ್ನು ತಂದೆಯ ಹೆಸರು ಸಮೇತ.
ಗುನಗಿಯವರು ವಾಚು ನೋಡಿದರು, ನನ್ನನ್ನು ನೋಡಿದರು,
ಬೀಡಿ ಹಚ್ಚಲು ಹೊರಗೆ ಹೋದರು. ತಡೆಯಲಿಲ್ಲ.

ಆರೂ ಹತ್ತರ ಗಾಡಿ ಅಸ್ನೋಟಿಯಲ್ಲಿ
ಕ್ರಾಸಿಂಗಿಗೆ ನಿಂತಿದೆಯೆಂದು ಫೋನು ಬಂತು.
ಒಂಟಿ ಹಳಿ. ದೊಡ್ಡದು ಹೋಗುವ ತನಕ ಸಣ್ಣದು ಕಾಯಬೇಕು.
ದೊಡ್ಡದು ನಮ್ಮ ಕಿಟಕಿಯ ಗಾಜು ನಡುಗಿಸಿಯೇ ಹೋಯಿತು,
ನೀಲಿ ಪರದೆ, ನೀಲಿ ಪರದೆ, ನೀಲಿ ಪರದೆ.
ಅಷ್ಟು ಹೊತ್ತು ನಮ್ಮ ವಾದದ ಎರಡು ಪಕ್ಷವೂ
ಬಾಯಿ ತೆರೆದೇ ಸುಮ್ಮನಿತ್ತು.

ಏಳೂ ಇಪ್ಪತ್ತಕ್ಕೆ ಬಂದರು, ಟಿಫಿನ್ ಡಬ್ಬಿಗಳ ಖಾಲಿ ಸದ್ದಿನೊಂದಿಗೆ
ಹದಿನಾಲ್ಕು ಮಂದಿ. ಉಳಿದವರು ನೇರ ಮನೆಗೆ.
ಸುಲಕ್ಷಾ ಹರಿಕಂತ್ರ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು,
"ಪೈಪೇ ಹಾಕಿ," ಎಂದಳು.
"ಇಳಿದ ಮೇಲೆ ಕೊಡ ಹಿಡಿದು ಕತ್ತಲಲ್ಲಿ ನಿಲ್ಲೂದು
ನೀವಲ್ಲ, ನಾನು."
ಎಂಟು ವರ್ಷ ಅವಳ ಪಕ್ಕದ ಸೀಟಿನಲ್ಲೇ ಕೂತು ಬಂದ ತಾರಾ
ಬ್ಯಾಗು ಈ ಭುಜದಿಂದ ಆ ಭುಜಕ್ಕೆ ಬದಲಿಸಿದಳು.
ನನ್ನ ಪೆನ್ನು ಎರಡು ತಾಸು ದುಡಿದದ್ದು ಇದಕ್ಕೋ?
ಬರೆದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು, ಕರೆಂಟು ಹೋಯಿತು,
ಅಧ್ಯಕ್ಷೆ ಮುಂದಕ್ಕೆ ಹಾಕಿದರು.

ಟಿಕೆಟ್ ಡಬ್ಬಿ ಕಂಕುಳಲ್ಲಿಟ್ಟು ಖಲೀಲ ಗೇಟಿನ ಹತ್ತಿರ ನಿಂತಿದ್ದ.
"ನಾಳೆ ಬರ್ಲಾ?"
"ಬಾ. ದೀಪದ ಬಿಲ್ಲು ಈ ತಿಂಗಳದ್ದು ಕಟ್ಟಿದೆ."

ಮೊಬೈಲಿನ ಬೆಳಕಲ್ಲಿ ಕೊನೆಯ ಸಾಲು ತುಂಬಿದೆ:
ಮುಂದಿನ ಸಭೆ, ಇದೇ ಹದಿನಾಲ್ಕು, ಮಂಗಳವಾರ.
ಸಮಯ: ಸಂಜೆಯ ಗಾಡಿ ಬಂದ ಮೇಲೆ.
ಜ್ವರ ಇಳಿದರೆ ಸೆಕ್ರೆಟರಿ ಇದನ್ನು ಹೊಡೆದು ಹಾಕುತ್ತಾರೆ.
ಇರಲಿ ಎಂದು ಸ್ವಲ್ಪ ಒತ್ತಿಯೇ ಬರೆದಿದ್ದೇನೆ,
ಕೆಳಗಿನ ಹಾಳೆಗೂ ಅಚ್ಚು ಬೀಳುವ ಹಾಗೆ.