ಗ್ವಾಡಿ ಯಾರ ಪಾಲಿಗೆ

ಗುಳೇದಗುಡ್ಡದಾಗ, ಗುಡ್ಡಕ್ಕ ಬೆನ್ನ ಹಚ್ಚಿ ಕುಂತ ಓಣಿಯಾಗ
ಒಂದು ಕಲ್ಲಿನ ಮನಿ ಅಳೆಯಾಕ ಕರದಿದ್ರು ನನ್ನ.
ಮೂರು ಮಂದಿ ಅಣ್ಣತಮ್ಮರು, ಮೂರು ಪಾಲು,
ಮುಂದ ತಂಟೆ ಬರದಂಗ ಒಂದು ನಕಾಶಿ.
ಟೇಪು, ಓಳಂಬಿ, ಕಿವಿಗೆ ಸಿಗಿಸಿದ ಪೆನ್ಸಿಲ್ಲು.
ಟೇಪಿನ ಆ ತುದಿ ಹಿಡಿಯಾಕ
ನಡುವಿನಾತನ ಮಗಳು, ಹತ್ತು ವರ್ಷದ ಶಾಂಭವಿ.

ತಲಬಾಗಲ ಎತ್ತರ ಐದಡಿ ಎರಡಂಗುಲ.
ಕಟ್ಟಿಸಿದವ್ರೇನು ಗಿಡ್ಡ ಇರಲಿಲ್ಲ,
ಬಂದವ್ರು ಮದಲ ಹೊಸ್ತಿಲ ನೋಡಲಿ ಅಂತ.
ಮ್ಯಾಲೆ ಅಡ್ಡಗಲ್ಲು, ಅದರಾಗ ಕೊರದ ಶಕೆ ೧೮೦೯.
ಆ ಕಡೀ ಒಂಬತ್ತು ಮಾತ್ರ ವಾರಿ ನಿಂತೈತಿ,
ತುಂಬಿದ ಬಸ್ಸಿಗೆ ಓಡಿ ಬಂದು ಹತ್ತಿದವರಂಗ.

ಪಡಸಾಲಿ ಹತ್ತೊಂಬತ್ತಡಿ, ಹದಿನಾಲ್ಕಡಿ.
ನಾಕು ಸಾಗವಾನಿ ಕಂಬ,
ಕಂಬದ ನೆತ್ತಿಗೆ ಗಿಳಿ ಕೆತ್ತಿದ ಬೋದಿಗಿ.
ಒಂದು ಗಿಳಿಗೆ ಕೊಕ್ಕಿಲ್ಲ.
"ಅದು ನಂದು" ಅಂದ್ಲು ಶಾಂಭವಿ.
ಪಾಲಿನ ಮಾತಲ್ಲ, ಚಂಡು ಬಡದ ಮಾತು.

ತೊಲಿ, ತೊಲಿಮ್ಯಾಲೆ ಜಂತಿ, ಜಂತಿಮ್ಯಾಲೆ ಕಲ್ಲಿನ ಚಿಲಕಿ,
ಅದರಮ್ಯಾಲೆ ಒಂದಡಿ ಮಣ್ಣು.
ನಡುವ ಬೆಳಕಿಂಡಿ.
ಹನ್ನೆರಡು ದಾಟಿತ್ತು, ವೈಶಾಖದ ಬಿಸಲು ಇಳೀತು,
ನೆಲದ ಒಂದು ಹಾಸುಗಲ್ಲಿನ ಮ್ಯಾಲೆ ರೊಟ್ಟಿಯಷ್ಟು ಬಿತ್ತು.
ಉಳಿದ ಕಲ್ಲಿನ ಬಣ್ಣ ಅದಕ್ಕಿಲ್ಲ. ಬಡದ್ರ ಟೊಳ್ಳು ದನಿ.
"ಮಗ್ಗದ ಕುಣಿ ಅದು" ಅಂದ್ಲು ಹಿರೇ ಸೊಸಿ ಬನವ್ವ,
"ಮಾವ ಖಣ ನೇಯೋದು ಬಿಟ್ಟ ದಿನ ಮುಚ್ಚಿದ್ದು."

ಆಗ ತಿಳೀತು ನನಗ.
ಮದಲ ಕುಣಿ ತೋಡ್ಯಾರ,
ಆಮ್ಯಾಲೆ ಅದರ ನೆತ್ತಿಗೆ ಬೆಳಕಿಂಡಿ ಇಟ್ಟಾರ,
ಆಮ್ಯಾಲೆ ಸುತ್ತ ಮನಿ.
ಲಾಳಿ ಓಡೋ ಹಾದಿಗೆ ಬೆಳಕು ಬೇಕೇ ಬೇಕು,
ಉಣ್ಣೋ ಗಂಗಾಳ ಕತ್ತಲದಾಗೂ ಬಾಯಿಗೆ ದಾರಿ ಹುಡುಕತೈತಿ.
ಈಗ ಲಾಳಿ ಇಲ್ಲ.
ಬೆಳಕಿಗೆ ಯಾರೂ ಹೇಳಿಲ್ಲ.
ದಿನಾ ಕೆಲಸಕ್ಕ ಬರತೈತಿ,
ಮುಚ್ಚಿದ ಕಲ್ಲಿನ ಮ್ಯಾಲೆ ಅರ್ಧ ತಾಸು ಕುಂತು
ಕೂಲಿ ಕೇಳದ ಹೋಗತೈತಿ.
ನಕಾಶಿಯಾಗ ಚುಕ್ಕಿಗೆರಿ ಎಳದೆ, ಹೆಸರು ಬರೀಲಿಲ್ಲ.

ಅಡಗಿಮನಿ ಅಳೆಯಾಗ ಬನವ್ವ ಚಹಾ ಕೊಟ್ಲು,
ಒಲಿ ಪಕ್ಕದ ಮಣಿಮ್ಯಾಲೆ ಕುಂತು ಕುಡದೆ.
ನಮ್ಮಪ್ಪ ದುರಗಪ್ಪ, ಕಲ್ಲೊಡದು ಬದುಕಿದಾತ,
ಇಂಥಾವು ಹನ್ನೊಂದು ಮನಿ ಕಟ್ಟಿದಾತ,
ಕಟ್ಟಿ ಮುಗಿದಮ್ಯಾಲೆ ಒಂದರಾಗೂ ಪಡಸಾಲಿ ದಾಟದಾತ.

"ನಡುವಿನ ಗ್ವಾಡಿ ಯಾರ ಪಾಲಿಗೆ?"
ಕಿರಿಯಾತ ಹುಚ್ಚೇಶ ಕೇಳಿದ.
ಎರಡಡಿ ಹತ್ತಂಗುಲ ದಪ್ಪ, ಒಂದು ಮಂಚದ ಜಾಗ.
"ಅರ್ಧಾ ಅರ್ಧಾ" ಅಂದ ಹಿರಿಯಾತ.

ಅಪ್ಪ ಹೇಳತಿದ್ದ: ಗ್ವಾಡಿ ಅಂದ್ರ ಒಂದಲ್ಲ, ಎರಡು.
ಆ ಕಡೆ ಒಂದು, ಈ ಕಡೆ ಒಂದು, ನಡುವ ಹರಳು, ಮಣ್ಣು.
ಹಂಗ ಬಿಟ್ರ ಮೂರು ಮಳಿಗಾಲಕ್ಕ ಹೊಟ್ಟಿ ಉಬ್ಬಿಸಿ ಬಾಯಿ ಬಿಡತೈತಿ.
ಅದಕ್ಕ ಮೂರು ಮೊಳಕ್ಕೊಂದು ಗಂಟುಗಲ್ಲು,
ಈ ಮಾರಿಯಿಂದ ಆ ಮಾರಿತನಕ ಒಂದೇ ಕಲ್ಲು.
ಅಂಥಾದ್ದೊಂದು ಆರಸಾಕ ದಿನವಿಡೀ ಗುಡ್ಡ ತಿರಗತಿದ್ದ.
ಪಗಾರ ಒಂದು ಕಲ್ಲಿಂದೇ.

ಹುಡುಕಿದೆ, ಉಗುರಿಲೆ ಸುಣ್ಣ ಕೆರದು.
ಹಿರಿಯಾತನ ಕೋಣ್ಯಾಗ ಅದರ ಮೂತಿ ಗೇಣುದ್ದ ಹೊರಗೈತಿ,
ತೊಟ್ಟಿಲ ಹಗ್ಗ ಉಜ್ಜಿ ಉಜ್ಜಿ ಕೊರಳ ಮೂಡೈತಿ.
ಕಿರಿಯಾತನ ಕೋಣ್ಯಾಗ ಅದರ ಬೆನ್ನು,
ಚಿಮಣಿ ಮಸಿಯಿಂದ ಕರ್ರಗ.
ನಲವತ್ತು ವರ್ಷ ಒಂದೇ ಕಲ್ಲು ನೋಡ್ಯಾರ ಇಬ್ಬರೂ,
ನಂದು ಬ್ಯಾರೆ, ಅವಂದು ಬ್ಯಾರೆ ಅಂದ್ಕೊಂಡು.
ಈ ಕಡೆ ನಾ ಓಳಂಬಿ ಗುಂಡಿಲೆ ಮೆಲ್ಲಕ ಬಡದೆ.
ಆ ಕಡೆ ಕಿವಿ ಇಟ್ಟಿದ್ದ ಶಾಂಭವಿ
"ಬಂತು!" ಅಂತ ಒದರಿದ್ಲು.

ಪಾಲಾತು.
ಮೂವರೂ ಸಹಿ ಮಾಡಿದ್ರು, ಎಣಿಸಿ ರೊಕ್ಕ ಕೊಟ್ರು.
ಟೇಪು ಸುತ್ತಿಕೋತ ಹೊರಬೀಳಾಗ ಬಗ್ಗೋದು ಮರತೆ,
ಅಡ್ಡಗಲ್ಲು ಹಣಿಗೆ ಬಡೀತು.
ಶಾಂಭವಿ ನಗಲಿಲ್ಲ. ದಿನಾ ನೋಡಿದ್ದು ಹೇಳೋರಂಗ ಹೇಳಿದ್ಲು:
"ಒಳಗ ಬರಾಗ ಎಲ್ಲಾರೂ ಬಗ್ಗತಾರ.
ಹೋಗಾಗ ಬಡಸ್ಕೋತಾರ."